ಕೆಂಡ ಕಾಯುವ ಕ್ರಿಸ್‌ಮಸ್

ಕ್ರಿಸ್‌ಮಸ್ ದಿನ ಶಿಕಾಗೊದ ನಮ್ಮ ಮನೆಯ ಓವನ್ ಹೆಂಡತಿಯ ತವರಿನವರ ವಶ. ಕೇಕಿಗೆ, ಪೈಗೆ, ಆಲೂಗಡ್ಡೆಗೆಲ್ಲ ಅಲ್ಲಿ ಜಾಗವಿದೆ. ನನ್ನ ಬೀಫ್ ರೋಸ್ಟಿಗೆ ಮಾತ್ರ ಹಿತ್ತಲೇ ಗತಿ. ಮಂಕಿ ಕ್ಯಾಪು ಏರಿಸಿ, ಮೊಣಕಾಲುದ್ದ ಹಿಮದಲ್ಲಿ ಇದ್ದಿಲ ಗ್ರಿಲ್ಲಿನ ಮುಂದೆ ದ್ವಾರಪಾಲಕನಾಗುವುದು ನನ್ನ ಹಣೆಬರಹ.

ಈ ದುಂಡು ಗ್ರಿಲ್ ಹುಟ್ಟಿದ್ದೂ ಇದೇ ಸೀಮೆಯಲ್ಲೇ. 1952ರಲ್ಲಿ ಲೋಹದ ಕಾರ್ಖಾನೆಯ ಜಾರ್ಜ್ ಸ್ಟೀಫನ್, ನೀರಿನಲ್ಲಿ ತೇಲಿಬಿಡುವ ಬೋಯೆಯ ಗೋಳವನ್ನು ಎರಡು ಹೋಳು ಮಾಡಿ, ಕಾಲು ಜೋಡಿಸಿ, ಮುಚ್ಚಳ ಕೂರಿಸಿದ. ಗಾಳಿ-ಮಳೆಯಿಂದ ಅಡುಗೆ ಬಚಾವಾಯಿತು. ಅಡುಗೆಯವನಿಗೂ ಒಂದು ಮುಚ್ಚಳ ಬೇಕೆಂದು ಪುಣ್ಯಾತ್ಮನಿಗೆ ಹೊಳೆಯಲಿಲ್ಲ!

ಕೆಂಡವನ್ನೆಲ್ಲ ಒಂದು ಬದಿಗೆ ತಳ್ಳಿ, ಮಾಂಸವನ್ನು ಇನ್ನೊಂದು ಬದಿಗಿಟ್ಟು ಮುಚ್ಚಿದರೆ ಆಯಿತು, ಮತ್ತೆ ತೆರೆಯಬಾರದು. ತೆರೆದರೆ ಶಾಖವೆಲ್ಲ ಹಾರಿಹೋಗುತ್ತದೆ. ಇದನ್ನು ನನ್ನ ಭಾಮೈದನಿಗೆ ಹೇಳಿ ನೋಡಿ. "ಒಂದೇ ಸಲ ಇಣುಕ್ತೀನಿ ಭಾವ" ಎಂದು ಹತ್ತು ನಿಮಿಷಕ್ಕೊಮ್ಮೆ ಹಾಜರು. ನಡುವೆ ಮಂಗಳೂರಿನಿಂದ ಅಮ್ಮನ ವಿಡಿಯೊ ಕರೆ: "ಬರೀ ಉಪ್ಪು, ಕರಿಮೆಣಸಾ? ಯಾರಿಗೆ ಮಗಾ ಪಥ್ಯ?"

ಮಾಂಸದ ಒಳಗಿನ ಬಿಸಿ 120 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಲೇ ಇಳಿಸಿ, ಅರ್ಧ ಗಂಟೆ ಸುಮ್ಮನೆ ಬಿಡಬೇಕು. ಇಳಿದ ಮೇಲೂ ಬಿಸಿ ಏರುತ್ತಲೇ ಇರುತ್ತದೆ, ನಿವೃತ್ತರಾದ ಹೆಡ್‌ಮಾಸ್ತರರ ಸಿಟ್ಟಿನ ಹಾಗೆ.

ಕೊಯ್ದಾಗ ಹೊರಗೆ ಕಂದು, ನಡುವೆ ಚೆಂದದ ಗುಲಾಬಿ ಬಣ್ಣ. ನಾನು ಎದೆಯುಬ್ಬಿಸುವಷ್ಟರಲ್ಲಿ ಅತ್ತೆ, "ಅಯ್ಯೋ, ಬೆಂದೇ ಇಲ್ಲ" ಎಂದು ಅರ್ಧವನ್ನು ಬಾಣಲೆಗೆ ಸುರಿದು, ತೆಂಗಿನತುರಿ, ಮಸಾಲೆ ಹಾಕಿ ಸುಕ್ಕ ಮಾಡಿಬಿಟ್ಟರು. ಮೊದಲು ಖಾಲಿಯಾದದ್ದು ಆ ಬಾಣಲೆಯೇ. ಅದಕ್ಕೆ ಎರಡನೇ ಸಲ ಕೈ ಹಾಕಿದವರಲ್ಲಿ ನಾನೂ ಒಬ್ಬ.