ಐಡಿಯಾ ಸಮಿತಿಯ ಸಂಚಾಲಕರು

ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ದಾರಿಯಲ್ಲಿ ನಿಟ್ಟೆ ದಾಟುವಷ್ಟರಲ್ಲಿ ಎಂಜಿನಿಯರಿಂಗ್ ಕಾಲೇಜು, ಫೌಂಡ್ರಿ, ಹೊಸ ಉದ್ದಿಮೆಗಳಿಗೆ ಆಸರೆಯಾಗುವ ಅಟಲ್ ಇನ್‌ಕ್ಯುಬೇಶನ್ ಕೇಂದ್ರ ಎಲ್ಲವೂ ಸಿಗುತ್ತವೆ. ಈ ಕಡೆ ಐಡಿಯಾಗಳಿಗೆ ಬರವಿಲ್ಲ. ಆದರೆ ಸಂಬಳದವರ ಐಡಿಯಾಗಳನ್ನು ಕೂಡಿಸಿ, ತೂಗಿ, ಒಪ್ಪಿಗೆ ಕೊಡಲು ಒಬ್ಬ ಸಂಚಾಲಕರು ಬೇಕಾಗುತ್ತಾರೆ. ಅವರು ಇಂಥದೇ ಸಂಸ್ಥೆಯವರು ಎನ್ನಲಾಗದು. ನಾಲ್ಕು ಮೇಜು, ಒಂದು ಮೀಟಿಂಗ್ ರೂಮು ಇದ್ದಲ್ಲೆಲ್ಲ ಇರುತ್ತಾರೆ. "ಒಳ್ಳೆ ಐಡಿಯಾ ಮಾರಾಯ್ರೆ, ಫಾರ್ಮಲ್ಲಿ ಬರೆದು ಕೊಡಿ" ಎನ್ನುವ ಅವರ ಮಾತಿನಲ್ಲಿ ಕಪಟವಿಲ್ಲ. ಇವರು ಐಡಿಯಾಗಳನ್ನು ಕೊಲ್ಲುತ್ತಾರೆ ಎಂದು ಜನ ದೂರುತ್ತಾರೆ. ಕೊಂದಿದ್ದರೆ ಶ್ರಾದ್ಧವನ್ನಾದರೂ ಮಾಡಬಹುದಿತ್ತು.

ಮಳೆಗಾಲದ ಒಂದು ಸಲಹೆಯನ್ನೇ ತೆಗೆದುಕೊಳ್ಳಿ. ಬೆರಳಚ್ಚಿನ ಹಾಜರಿ ಯಂತ್ರ ಬಾಗಿಲ ಹೊರಗೋಡೆಯಲ್ಲಿದೆ. ಜೂನ್ ತಿಂಗಳ ಗಾಳಿಮಳೆಯಲ್ಲಿ ಕೊಡೆ ಮಡಚುತ್ತ ಬಂದವರ ಒದ್ದೆ ಬೆರಳನ್ನು ಅದು ಗುರುತಿಸುವುದಿಲ್ಲ. ಅದನ್ನು ನಾಲ್ಕು ಅಡಿ ಒಳಗೆ ಹಾಕಿ ಎಂದು ಅಟೆಂಡರ್ ಬರೆದು ಕೊಡುತ್ತಾರೆ. ಸಂಚಾಲಕರ ಮುಖ ಅರಳುತ್ತದೆ, ಫೋಟೊ ತೆಗೆಸುತ್ತಾರೆ, ಸಲಹೆಗೊಂದು ನಂಬರ್ ಬೀಳುತ್ತದೆ. ಆಮೇಲೆ ಪ್ರಶ್ನೆಗಳು: ವರ್ಷಕ್ಕೆ ಎಷ್ಟು ರೂಪಾಯಿ ಉಳಿತಾಯ? ಬೇರೆ ಶಾಖೆಗಳಿಗೂ ಅನ್ವಯವೇ? ಹೊಸತನ ಎಲ್ಲಿದೆ? ಆಟಿಯಲ್ಲಿ ಕೋರಂ ಇಲ್ಲ, ಚೌತಿಗೆ ರಜೆ, ಸ್ಥಳ ಪರಿಶೀಲನೆ ದೀಪಾವಳಿ ಕಳೆದ ಮೇಲೆ. ಸಮಿತಿಯವರು ಒಣ ಬೆರಳಿಟ್ಟು ನೋಡುತ್ತಾರೆ. ಯಂತ್ರ ಥಟ್ಟನೆ "ಥ್ಯಾಂಕ್ ಯೂ" ಎನ್ನುತ್ತದೆ. ಕಡತದಲ್ಲಿ ಷರಾ: ಸಮಸ್ಯೆ ಕಂಡುಬಂದಿಲ್ಲ.

ಬಂದದ್ದಕ್ಕೆಲ್ಲ ಹೂಂ ಎನ್ನಲಾದೀತೇ ಎಂದು ಕೇಳಬಹುದು. ಆಗದು. ಕರಗಿದ ಕಬ್ಬಿಣದ ಪಕ್ಕ ಹೊಳೆದ ಯೋಚನೆಯನ್ನೆಲ್ಲ ಪ್ರಯೋಗಕ್ಕೆ ಬಿಟ್ಟರೆ ಕೈಕಾಲು ಉಳಿಯಲಿಕ್ಕಿಲ್ಲ. ಆದರೆ "ಬೇಡ" ಎಂಬುದೂ ಒಂದು ಉತ್ತರ. ಕೇಳಿಸಿಕೊಂಡವರು ಬೇರೇನಾದರೂ ಯೋಚಿಸುತ್ತಾರೆ. "ಪರಿಶೀಲನೆಯಲ್ಲಿದೆ" ಎಂದರೆ ಯೋಚಿಸುವುದನ್ನೇ ಬಿಡುತ್ತಾರೆ. ಇಂಥ ಸಣ್ಣಪುಟ್ಟದಕ್ಕೆ ಇಷ್ಟು ಗಲಾಟೆ ಏಕೆ ಎನ್ನುವವರೂ ಇದ್ದಾರೆ. ಅವರಿಗೆ ನಮ್ಮ ಜಿಲ್ಲೆಯ ಲೆಕ್ಕ ಗೊತ್ತಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಅದನ್ನು ಏಜೆಂಟರೇ ಮನೆಬಾಗಿಲಿಗೆ ಹೋಗಿ ತರಬೇಕು. ಎರಡಾಣೆಗೆ ಸವೆಯುವ ಚಪ್ಪಲಿಯ ಖರ್ಚೆಷ್ಟು ಎಂಬ ಕಾಲಂ ಆಗ ಇದ್ದಿದ್ದರೆ ಪಿಗ್ಮಿ ಇಂದಿಗೂ ಪರಿಶೀಲನೆಯಲ್ಲೇ ಇರುತ್ತಿತ್ತು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಸಂಗ್ರಹಿಸುವವರು ಅಂಗಡಿಗಳಿಗೆ ಈಗಲೂ ಬರುತ್ತಾರೆ. ಸಣ್ಣ ಸಲಹೆಗೆ ಬೆಲೆ ಕೊಟ್ಟವರು ಹೊರಗೂ ಇದ್ದರು: ಅಮೆರಿಕದ ಕೊಡಾಕ್ ಕಂಪನಿ 1898ರಲ್ಲಿ ಎರಡು ಡಾಲರ್ ಬಹುಮಾನ ಕೊಟ್ಟದ್ದು ಕಿಟಕಿ ತೊಳೆಯಿರಿ ಎಂದ ಕೆಲಸಗಾರನಿಗೆ.

ಇಷ್ಟಾದರೂ ಸಂಚಾಲಕರ ಮೇಲೆ ಪೂರ್ತಿ ಸಿಟ್ಟಾಗಲು ಮನಸ್ಸಾಗದು. ಆ ಫಾರ್ಮುಗಳನ್ನು ಕೊನೆಯ ಸಾಲಿನವರೆಗೆ ಓದುವವರು ಅವರೊಬ್ಬರೇ. ಯಾವ ಸಲಹೆ ಯಾರದೆಂದು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಲೇ ಹೇಳಬಲ್ಲರು. ಅವರ ಹೆದರಿಕೆಯೆಲ್ಲ ರುಜುವಿನದು. ಯಂತ್ರ ಸರಿಸುವಾಗ ವಯರು ಸುಟ್ಟರೆ ಹೆಸರು ಅವರದು, ಸರಿಸದೆ ಹೋದರೆ ಯಾರದೂ ಅಲ್ಲ. ಮೇಲಿನವರು ವರ್ಷದ ಕೊನೆಗೆ ಕೇಳುವುದು ಬಂದ ಸಲಹೆಗಳ ಸಂಖ್ಯೆಯನ್ನು ಮಾತ್ರ. ಟೊಯೋಟ ಕಂಪನಿ 1951ರಿಂದ ನಡೆಸುತ್ತಿರುವ ಸಲಹಾ ಪದ್ಧತಿಯಲ್ಲಿ ಸಣ್ಣ ಸಂಗತಿಗಳನ್ನು ಮೊದಲು ನೋಡುವವರು ಅಲ್ಲಿನ ಮೇಲ್ವಿಚಾರಕರೇ. ಇಲ್ಲೂ ನಾಲ್ಕು ಸ್ಕ್ರೂವಿನ ಕೆಲಸವನ್ನು ಮೇಲ್ವಿಚಾರಕರಿಗೇ ಬಿಟ್ಟರೆ ಶಿಸ್ತು ಕೆಡುವುದಿಲ್ಲ. ಸಂಚಾಲಕರಿಗೆ ನಿಜವಾಗಿ ತಲೆಬಿಸಿ ಮಾಡಿಕೊಳ್ಳಬೇಕಾದ ಒಂದೆರಡು ಐಡಿಯಾ ಉಳಿಯುತ್ತವೆ, ಅವಕ್ಕೆ ಪುರುಸೊತ್ತೂ ಸಿಗುತ್ತದೆ.