ಡ್ಯಾಶ್‌ಬೋರ್ಡಿನ ಹಿಂದುಗಡೆ

2016ರ ಫೆಬ್ರವರಿಯಲ್ಲಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನಕ್ಕೆ ಹೋಗಿದ್ದೆ. ಪೈಲಟ್ ಅಮೋಲ್ ಯಾದವ್ ಕಾಂದಿವಲಿಯ ತಮ್ಮ ಮನೆಯ ತಾರಸಿಯ ಮೇಲೆ ಕಟ್ಟಿದ 6 ಸೀಟಿನ ವಿಮಾನ ಅಲ್ಲಿತ್ತು. ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ತಾರಸಿಗೆ ಹಪ್ಪಳ ಒಣಹಾಕುವುದಕ್ಕೂ ಸೆಕ್ರೆಟರಿಯ ಮುಖ ನೋಡಬೇಕು. ಈ ಮನುಷ್ಯ ಅಲ್ಲಿ ವಿಮಾನ ಒಣಹಾಕಿದ್ದ!

ಜನರೆಲ್ಲ ಅದರ ಮೂತಿಯ ಮುಂದೆ ಸೆಲ್ಫಿ ತೆಗೆಯುತ್ತಿದ್ದರು. ನಾನು ಮಾತ್ರ ಕುಕ್ಕರಗಾಲಲ್ಲಿ ಕೂತು, ಕತ್ತು ಓರೆ ಮಾಡಿ, ಒಳಗೇನಾದರೂ ಕಂಡೀತೇ ಎಂದು ಇಣುಕುತ್ತಿದ್ದೆ. ಸೆಕ್ಯುರಿಟಿಯ ಹುಡುಗ ಬಂದು “ಕಾಕಾ, ಕಾಯ್ ಹರವಲಂ?” ಎಂದ. ಏನು ಕಳಕೊಂಡಿರಿ ಎಂದು ಅವನ ಪ್ರಶ್ನೆ. “ವೈರಿಂಗ್” ಎಂದೆ. ಪಾಪ, ಅವನೂ ಬಗ್ಗಿ ನೆಲದ ಮೇಲೆ ಹುಡುಕತೊಡಗಿದ.

ಆ ವಿಮಾನ 2017ರಲ್ಲಿ ವಿಟಿ-ಎನ್‌ಎಂಡಿ ಎಂದು ನೋಂದಣಿಯಾಯಿತು, 2020ರಲ್ಲಿ ಧುಳೆಯಲ್ಲಿ ಹಾರಿಯೂ ಹಾರಿತು. ಅದರ ಡ್ಯಾಶ್‌ಬೋರ್ಡಿನ ಬೆನ್ನು ಮಾತ್ರ ನಾನು ಇಂದಿಗೂ ನೋಡಿಲ್ಲ.

ಇದು ನನ್ನ ಕಸುಬಿನ ಚಾಳಿ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ 31 ವರ್ಷ ಕಂಟ್ರೋಲ್ ಪ್ಯಾನೆಲ್‌ಗಳಿಗೆ ವೈರಿಂಗ್ ಮಾಡಿದವನು ನಾನು. ವೈರುಗಳನ್ನು ಸಾಲಾಗಿ ಕೂರಿಸಿ, ಮೂಲೆಯಲ್ಲಿ ಒಟ್ಟಿಗೇ ತಿರುಗಿಸಿ, ನಂಬರಿನ ಪುಟ್ಟ ಉಂಗುರ, ಅಂದರೆ ಫೆರೂಲ್, ಹಾಕಿ ಕಟ್ಟುವುದಕ್ಕೆ ನಮ್ಮಲ್ಲಿ ‘ಡ್ರೆಸಿಂಗ್’ ಅನ್ನುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಅದನ್ನು ನೋಡುವವರೇ ಇಲ್ಲ. ಮದುಮಗಳಿಗೆ ಸಿಂಗಾರ ಮಾಡಿ ಕಪಾಟಿನಲ್ಲಿಟ್ಟು ಬೀಗ ಹಾಕಿದ ಹಾಗೆ.

ಆದರೆ ನಮ್ಮ ಪ್ಯಾನೆಲ್ ನೆಲ ಬಿಟ್ಟು ಏಳುವುದಿಲ್ಲ. ವಿಮಾನದ್ದು ಇಂಜಿನ್ ಜೊತೆ ದಿನವಿಡೀ ನಡುಗುತ್ತಿರುತ್ತದೆ. ಡೊಂಬಿವಲಿ-ಠಾಣೆ ಲೋಕಲ್‌ನಲ್ಲಿ ಬಾಗಿಲ ಕಂಬಿಗೆ ಉಜ್ಜಿ ಉಜ್ಜಿ ನನ್ನ ಎಷ್ಟು ಅಂಗಿಗಳ ಭುಜ ಹರಿದಿಲ್ಲ? ತಗಡಿನ ತೂತಿನ ಅಂಚಿಗೆ ಉಜ್ಜುವ ವೈರಿನ ಪಾಡೂ ಅದೇ. ಅದಕ್ಕೇ ತೂತಿಗೆ ರಬ್ಬರಿನ ಬಳೆ, ಅಂದರೆ ಗ್ರಾಮೆಟ್, ಹಾಕಬೇಕು, ಕಟ್ಟನ್ನು ರಬ್ಬರ್ ಪಟ್ಟಿಯ ಕ್ಲಾಂಪಿನಲ್ಲಿ ಹಿಡಿಸಬೇಕು. ಮನೆಗೆ ಹಾಕುವ ಪಿವಿಸಿ ವೈರು ಅಲ್ಲಿ ನಡೆಯದು. ಸುಟ್ಟರೆ ಉಸಿರು ಕಟ್ಟಿಸುವ ಹೊಗೆ. ಟೆಫ್‌ಜೆಲ್ ಹೊದಿಕೆಯದ್ದೇ ಬೇಕು. ವೈರು ಪೆಟ್ರೋಲ್ ಪೈಪಿನ ಕೆಳಗೆ ಹಾಯಬಾರದು. ಪೈಲಟ್ ಹಿಡಿಯುವ ಕೋಲನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿದರೂ ಯಾವ ಕಟ್ಟೂ ಅದಕ್ಕೆ ತಾಗಬಾರದು. ಮತ್ತೆ, ಮೀಟರನ್ನು ಹೊರಗೆಳೆದು ರಿಪೇರಿ ಮಾಡಲು ಬರುವಷ್ಟು ವೈರು ಸಡಿಲ ಬಿಟ್ಟಿರಬೇಕು. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ನಾನು ಮರೆತೆ.

ಕಟ್ಟುವುದು ಯಾವುದರಲ್ಲಿ ಎಂಬುದಕ್ಕೆ ಎರಡು ಪಂಗಡಗಳಿವೆ. ಹೊಸಬರದ್ದು ನೈಲಾನ್ ಟೈ. ಬಾಲವನ್ನು ಓರೆಯಾಗಿ ಕತ್ತರಿಸಿದರೆ ಬ್ಲೇಡೇ ಸೈ. ಮುಂದೆ ಕೈ ಹಾಕಿದವನ ರಕ್ತ ನೋಡದೆ ಬಿಡದು. ಹಳಬರದ್ದು ಮೇಣ ಹಚ್ಚಿದ ದಾರ. ಅದರ ಗಂಟನ್ನು ಮೊದಲು ನೋಡಿದಾಗ ನಗು ಬಂತು. ಉಡುಪಿಯಲ್ಲಿ ಅಮ್ಮ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದದ್ದು ಹೆಚ್ಚುಕಡಿಮೆ ಹೀಗೆಯೇ: ಒಂದು ಸುತ್ತು, ಬೆರಳಲ್ಲಿ ಒಂದು ಕುಣಿಕೆ, ಒಂದು ಜಗ್ಗು. ಹೂ ನಲುಗಬಾರದು, ಜಾರಲೂಬಾರದು. ಚೆಂಡುಗಟ್ಟಲೆ ಕಟ್ಟುತ್ತಿದ್ದ ಅಮ್ಮನನ್ನು ಕೂರಿಸಿದ್ದರೆ ಒಂದು ಮಧ್ಯಾಹ್ನದಲ್ಲಿ ಇಡೀ ವಿಮಾನ ಕಟ್ಟಿಬಿಡುತ್ತಿದ್ದಳು. ನನ್ನ ಮತ ದಾರಕ್ಕೇ.

ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ. ಅವಳು, “ವಿಮಾನದ ಹಿಂದೆ ಬಗ್ಗಿ ನೋಡಿದ್ದು ಸಾಕು. ನಮ್ಮ ಟಿವಿ ಹಿಂದೆ ಒಮ್ಮೆ ನೋಡಿ” ಎಂದಳು.

ನೋಡಿದೆ. ಸೆಟ್‌ಟಾಪ್ ಬಾಕ್ಸು, ರೌಟರು, ನೇತಾಡುವ ಎಕ್ಸ್‌ಟೆನ್ಶನ್ ಬೋರ್ಡು, ಯಾವತ್ತೋ ಸತ್ತ ಲ್ಯಾಂಡ್‌ಲೈನಿನ ವೈರು, ಒಂದು ಹಲ್ಲಿ. 31 ವರ್ಷ ಊರ ಕಾರ್ಖಾನೆಗಳಿಗೆ ಡ್ರೆಸಿಂಗ್ ಮಾಡಿದವನ ಮನೆ!

ಮುಂದಿನ ಭಾನುವಾರ ಬೆಳಿಗ್ಗೆ ಕೂತೆ. ಚಪ್ಪಲಿ ಹೊಲಿಯುವ ದಾರಕ್ಕೆ ಮೇಣದಬತ್ತಿ ತಿಕ್ಕಿ, ಎರಡೆರಡು ಇಂಚಿಗೆ ಗಂಟು ಹಾಕಿ, ಪ್ರತಿ ವೈರಿಗೂ ನಂಬರು ಕೊಟ್ಟು, ಗೋಡೆಗೆ ಕ್ಲಾಂಪ್ ಬಡಿದೆ. ಸಂಜೆ ನಾಲ್ಕಕ್ಕೆ ಮುಗಿಯಿತು. ಎಂಥ ಕೆಲಸ ಅಂತೀರಿ! ಲ್ಯಾಂಡ್‌ಲೈನಿನ ವೈರನ್ನೂ ಕಿತ್ತೆಸೆಯಲು ಧೈರ್ಯ ಸಾಲದೆ ಬಿಗಿದು ಕಟ್ಟಿದ್ದೆ. ಹಲ್ಲಿ ಮಾತ್ರ ತಾನಾಗಿ ಮನೆ ಬಿಟ್ಟಿತು.

ಮರುದಿನ ಕೆಲಸದ ಬಾಯಿ ಧೂಳು ಹೊಡೆಯಲು ಟಿವಿಯನ್ನು ಎಂದಿನಂತೆ ಮುಂದಕ್ಕೆ ಎಳೆದಳು. ಬರಲಿಲ್ಲ. ಒಂದು ಇಂಚು ಸಡಿಲ ಬಿಟ್ಟಿದ್ದರೆ ತಾನೇ? ಇನ್ನೊಮ್ಮೆ ಜಗ್ಗಿದಳು. ನನ್ನ ಗಂಟು ಒಂದೂ ಬಿಚ್ಚಲಿಲ್ಲ, ಗೋಡೆಯ ಪ್ಲಾಸ್ಟರು ಬಂತು.

ಈಗ ಟಿವಿ ಗೋಡೆಗೆ ಅಂಟಿಕೊಂಡಿದೆ, ಧೂಳು ಅಲ್ಲೇ ಇದೆ, ಹೆಂಡತಿ ಮಾತು ಬಿಟ್ಟಿದ್ದಾಳೆ. ಡೊಂಬಿವಲಿ ಕಡೆ ಬಂದರೆ ನಮ್ಮ ಮನೆಗೆ ಬನ್ನಿ. ಟಿವಿಯ ಮುಂದೆ ಕೂರಿಸುವುದಿಲ್ಲ, ಪಕ್ಕದಲ್ಲಿ ನಿಲ್ಲಿಸಿ ಹಿಂದುಗಡೆ ತೋರಿಸುತ್ತೇನೆ. ಟಾರ್ಚು ನನ್ನಲ್ಲೇ ಇದೆ.