ಬೊಕ್ಕತಲೆ: ಅಳವಡಿಕೆ ಮತ್ತು ನಿರ್ವಹಣೆಯ ಕೈಪಿಡಿ

ಬೊಕ್ಕತಲೆಯನ್ನು ಆರಿಸಿಕೊಂಡಿದ್ದಕ್ಕೆ ಅಭಿನಂದನೆಗಳು. ‘ನಾನೆಲ್ಲಿ ಆರಿಸಿಕೊಂಡೆ, ಅದಾಗಿಯೇ ಬಂತು’ ಎನ್ನುವ ಗ್ರಾಹಕರಿಗೂ ಈ ಕೈಪಿಡಿಯೇ ಅನ್ವಯಿಸುತ್ತದೆ. ಅಳವಡಿಕೆಗೆ ಮೆಕ್ಯಾನಿಕ್ ಮನೆಗೆ ಬರುವುದಿಲ್ಲ. ಕೆಲಸ ತನ್ನಷ್ಟಕ್ಕೆ ನಡೆಯುತ್ತದೆ. ಆದರೂ ಬಹಳ ಮಂದಿ ನೀರನ್ನೂ ಶಾಂಪೂವನ್ನೂ ಹೆಂಡತಿಯನ್ನೂ ಬೈಯುತ್ತ ಕ್ರಮತಪ್ಪಿ ಬೋಳಾಗುತ್ತಿರುವುದರಿಂದ ಇದನ್ನು ಬರೆಯಬೇಕಾಯಿತು.

ಪೆಟ್ಟಿಗೆಯಲ್ಲಿ ಏನೇನಿದೆ

ಸುಮಾರು ಒಂದು ಲಕ್ಷ ಕೂದಲ ಬುಡಗಳು. ಎಲ್ಲವನ್ನೂ ನೀವು ಹುಟ್ಟುವ ಮೊದಲೇ ಜೋಡಿಸಲಾಗಿದೆ, ಆಮೇಲೆ ಹೊಸದನ್ನು ಸೇರಿಸುವ ಸೌಲಭ್ಯವಿಲ್ಲ. ಒಂದೊಂದು ಬುಡಕ್ಕೂ ಅದರದ್ದೇ ಪಂಚಾಂಗ: ಎರಡರಿಂದ ಆರು ವರ್ಷ ಬೆಳೆಯುವುದು, ತಿಂಗಳಿಗೆ ಒಂದು ಸೆಂಟಿಮೀಟರಿನ ಆಸುಪಾಸು, ಎರಡು ಮೂರು ವಾರ ಮುದುಡಿಕೊಳ್ಳುವುದು, ಮೂರು ತಿಂಗಳು ಸುಮ್ಮನಿರುವುದು, ಕೊನೆಗೆ ಹಳೆಯದನ್ನು ಉದುರಿಸಿ ಮತ್ತೆ ಮೊದಲಿನಿಂದ. ಆದ್ದರಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಉತ್ಪಾದನೆಯ ದೋಷವಲ್ಲ. ಬಚ್ಚಲ ಜಾಲರಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎಣಿಸಬೇಡಿ.

ಗಮನಿಸಿ: ಕಣ್ಣಿಗೆ ಕಾಣುವ, ಬಾಚುವ, ಎಣ್ಣೆ ಬಳಿಯುವ ಭಾಗಕ್ಕೆ ಜೀವವಿಲ್ಲ. ಜೀವ ಇರುವುದು ಚರ್ಮದ ಕೆಳಗೆ ಕೆಲವೇ ಮಿಲಿಮೀಟರ್ ಆಳದಲ್ಲಿ. ಇದೊಂದು ನೆನಪಿದ್ದರೆ ಮುಂದಿನ ಖರ್ಚು ಅರ್ಧ ಕಡಿಮೆಯಾಗುತ್ತದೆ.

ಹಂತ 1: ಅಜ್ಜನನ್ನು ಆರಿಸಿ

ತಾಯಿಯ ತಂದೆಯ ನೆತ್ತಿಯನ್ನೂ ಸೋದರಮಾವಂದಿರ ನೆತ್ತಿಯನ್ನೂ ಮೊದಲು ಪರೀಕ್ಷಿಸಿ. ಗಂಡುಹಾರ್ಮೋನಿನ ಸಂದೇಶವನ್ನು ಹಿಡಿಯುವ ಗ್ರಾಹಿಯ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ, ಗಂಡುಮಕ್ಕಳಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ಹಾಗೆಂದು ತಂದೆಯ ಕಡೆಯವರು ಮೀಸೆ ತಿರುವಬೇಕಿಲ್ಲ. 2017ರಲ್ಲಿ ಬ್ರಿಟನ್ನಿನ 52,000 ಗಂಡಸರ ಜೀನುಗಳನ್ನು ಜಾಲಾಡಿದವರಿಗೆ ಬೋಳಿಗೆ ಸಂಬಂಧಪಟ್ಟ 287 ತಾಣಗಳು ಸಿಕ್ಕವು. ಎಕ್ಸ್ ಮೇಲೆ ಇದ್ದದ್ದು 40 ಮಾತ್ರ. ಮದುವೆಮನೆಯಲ್ಲಿ ಇನ್ನು ಮುಂದೆ ಎರಡೂ ಕಡೆಯ ಬೀಗರನ್ನು ಸಮನಾಗಿ ದುರುಗುಟ್ಟಬಹುದು.

ಹಂತ 2: ಪ್ರಾಯಕ್ಕೆ ಬನ್ನಿ

ಈ ಹಂತವನ್ನು ಬಿಟ್ಟವರಿಗೆ ಬೊಕ್ಕತಲೆ ಸಿಗುವುದಿಲ್ಲ. ಬೀಜ ಒಡೆಸಿಕೊಂಡವರು ಬೋಳಾಗುವುದಿಲ್ಲವೆಂದು ಗ್ರೀಸಿನ ಹಿಪೊಕ್ರೆಟಿಸ್ ಹೆಸರಿನ ವೈದ್ಯಸೂತ್ರಗಳಲ್ಲೇ ಇದೆ. ಅದನ್ನು ಕ್ರಮವಾಗಿ ಪರೀಕ್ಷೆಗೆ ಒಡ್ಡಿದವನು ಅಮೆರಿಕದ ಅಂಗರಚನಾ ವಿಜ್ಞಾನಿ ಜೇಮ್ಸ್ ಹ್ಯಾಮಿಲ್ಟನ್, 1942ರಲ್ಲಿ. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡವರ ತಲೆಗಳನ್ನು ಅವನು ನೋಡಿದ. ವಂಶವೆಲ್ಲ ಬೋಳಾಗಿದ್ದರೂ ಇವರ ತಲೆಯಲ್ಲಿ ಕೂದಲು ಭದ್ರವಾಗಿತ್ತು. ಟೆಸ್ಟೋಸ್ಟೆರಾನ್ ಕೊಟ್ಟ, ಬೋಳು ವಂಶದವರಿಗೆ ಕೂದಲು ಹೋಗಲು ಶುರುವಾಯಿತು. ವಂಶದಲ್ಲಿ ಇಲ್ಲದವರಿಗೆ ಏನೂ ಆಗಲಿಲ್ಲ. ಔಷಧಿ ನಿಲ್ಲಿಸಿದ, ಉದುರುವುದು ನಿಂತಿತು, ಆದರೆ ಹೋದದ್ದು ಮರಳಲಿಲ್ಲ. ಹಾರ್ಮೋನ್ ಒಂದೇ ಸಾಲದು, ವಂಶ ಒಂದೇ ಸಾಲದು. ಬೋಳಿನ ಬಗ್ಗೆ ಇದಕ್ಕಿಂತ ಚೊಕ್ಕವಾದ ಪ್ರಯೋಗ ಆಮೇಲೂ ಬಂದಂತಿಲ್ಲ. ಆ ಕಾಲದಲ್ಲಿ ಅಂಥ ಗಂಡಸರು ಅಧ್ಯಯನಕ್ಕೆ ಸಿಗುತ್ತಿದ್ದರು ಎನ್ನುವುದು ಮಾತ್ರ ನೆಮ್ಮದಿಯ ಸಂಗತಿಯಲ್ಲ.

ಇಲ್ಲೊಂದು ಉಪಹಂತವಿದೆ. ಡೊಮಿನಿಕನ್ ರಿಪಬ್ಲಿಕ್ಕಿನ ಸಲೀನಾಸ್ ಎಂಬ ಹಳ್ಳಿಯಲ್ಲಿ ಕೆಲವು ಮಕ್ಕಳು ನೋಡಲು ಹೆಣ್ಣಾಗಿ ಹುಟ್ಟಿ, ಹೆಣ್ಣುಮಕ್ಕಳಾಗಿಯೇ ಬೆಳೆದು, ಹನ್ನೆರಡರ ಹೊತ್ತಿಗೆ ಗಂಡಾಗುತ್ತಿದ್ದರು. ಜೂಲಿಯಾನ್ ಇಂಪೆರಾಟೊ-ಮ್ಯಾಕ್‌ಗಿನ್ಲಿ ಎಂಬ ವೈದ್ಯೆ ಮತ್ತು ಸಂಗಡಿಗರು 1974ರಲ್ಲಿ ಕಾರಣ ಬರೆದರು: ಟೆಸ್ಟೋಸ್ಟೆರಾನನ್ನು ಡಿಎಚ್‌ಟಿ ಎಂಬ ಇನ್ನೂ ಬಲವಾದ ರೂಪಕ್ಕೆ ತಿರುಗಿಸುವ ಕಿಣ್ವ ಅವರಲ್ಲಿ ಕೆಲಸ ಮಾಡುತ್ತಿರಲಿಲ್ಲ. ಬೆಳೆದ ಮೇಲೆ ಅವರಿಗೆ ಗಂಡುದನಿ ಬಂತು, ಮೈಕಟ್ಟು ಬಂತು, ಹಣೆ ಮಾತ್ರ ಹಿಂದೆ ಸರಿಯಲಿಲ್ಲ. ಪ್ರಾಸ್ಟೇಟ್ ಗ್ರಂಥಿಯೂ ಚಿಕ್ಕದಾಗಿಯೇ ಉಳಿಯಿತು. ಅಂದರೆ ನಿಮ್ಮ ನೆತ್ತಿಗೆ ಬೇಕಾದ ಸಾಮಗ್ರಿ ಟೆಸ್ಟೋಸ್ಟೆರಾನ್ ಅಲ್ಲ, ಡಿಎಚ್‌ಟಿ. ಅದು ತಗುಲಿದ ಬುಡ ಒಮ್ಮೆಗೇ ಸಾಯುವುದಿಲ್ಲ. ಪ್ರತಿ ಸುತ್ತಿಗೂ ಬೆಳೆಯುವ ಕಾಲ ಕಿರಿದಾಗಿ, ಬುಡ ಕುಗ್ಗಿ, ಕರಿಕೂದಲ ಜಾಗದಲ್ಲಿ ಹಸುಗೂಸಿನ ನವಿರು ಬರುತ್ತದೆ. ಬೊಕ್ಕತಲೆಯ ಮೇಲೆ ಬಿಸಿಲಿಗೆ ಹೊಳೆಯುವ ಆ ನವಿರೆಲ್ಲ ಒಂದು ಕಾಲದ ಕ್ರಾಪು.

ಎಚ್ಚರಿಕೆ: ಇದೇ ಡಿಎಚ್‌ಟಿ ಗಡ್ಡವನ್ನು ದಪ್ಪಗಾಗಿಸುತ್ತದೆ. ನೆತ್ತಿ ಬರಿದಾಗುವ ವಯಸ್ಸಿಗೇ ಕಿವಿಯಲ್ಲಿ ಪೊದೆ ಎದ್ದರೆ ಸರ್ವಿಸ್ ಸೆಂಟರಿಗೆ ಫೋನ್ ಮಾಡಬೇಡಿ. ಹಿಂದಲೆಯ ಕೂದಲು ಮಾತ್ರ ಡಿಎಚ್‌ಟಿಗೆ ಸೊಪ್ಪು ಹಾಕುವುದಿಲ್ಲ. ಅಲ್ಲಿಂದ ಕಿತ್ತು ಮುಂದೆ ನೆಟ್ಟರೂ ಅದು ಹಿಂದಲೆಯ ಬುದ್ಧಿಯನ್ನೇ ಉಳಿಸಿಕೊಳ್ಳುತ್ತದೆ ಎಂದು ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್ 1959ರಲ್ಲಿ ತೋರಿಸಿದ. ಇವತ್ತು ಹಿಂದಲೆಯಿಂದ ಎತ್ತಿ ಮುಂದಲೆಗೆ ನೆಡುವ ಅಂಗಡಿಗಳೆಲ್ಲ ನಿಂತಿರುವುದು ಅದರ ಮೇಲೆ. ಜಪಾನಿನ ಒಕುಡಾ 1939ರಲ್ಲೇ ಕೂದಲು ಕಸಿಯ ಬಗ್ಗೆ ಬರೆದಿದ್ದ, ಯುದ್ಧದ ಗಲಾಟೆಯಲ್ಲಿ ಪಶ್ಚಿಮದಲ್ಲಿ ಓದಿದವರಿರಲಿಲ್ಲ.

ಹಂತ 3: ದೂರು ಕೊಡಿ

ಬೆಂಗಳೂರಿಗೆ ಬಂದು ಪಿಜಿಯಲ್ಲಿ ಕೋಣೆ ಹಿಡಿಯಿರಿ. ಮೂರನೇ ತಿಂಗಳಿಗೆ ಕೂದಲು ಉದುರಿದರೆ ಬೋರ್‌ವೆಲ್ ನೀರನ್ನು ಬೈಯಿರಿ. ಗಡಸುನೀರಿನಲ್ಲಿ ಕೂದಲು ಒರಟಾಗಬಹುದು, ಸಿಕ್ಕುಗಟ್ಟಬಹುದು, ನಡುವೆ ತುಂಡಾಗಲೂಬಹುದು. ಆದರೆ ಅದು ತಾಗುವುದು ಸತ್ತ ಭಾಗಕ್ಕೆ. ಊರು ಬಿಡುವ ಮುನ್ನ ಬಂದಿದ್ದ ಟೈಫಾಯ್ಡೋ ಡೆಂಗಿಯೋ ನೆನಪಿದೆಯೇ? ಜೋರು ಜ್ವರಕ್ಕೆ ಬುಡಗಳು ಒಟ್ಟಾಗಿ ರಜೆ ಹಾಕುತ್ತವೆ, ಉದುರುವುದು ಮಾತ್ರ ಎರಡು ಮೂರು ತಿಂಗಳ ನಂತರ. ಅಷ್ಟರಲ್ಲಿ ಜ್ವರ ಮರೆತಿರುತ್ತದೆ, ಸಿಕ್ಕಿಬೀಳುವುದು ನೀರು. ಇಂಥ ಉದುರು ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ಸರಿಹೋದಾಗ ಕೈಯಲ್ಲಿ ಯಾವ ಎಣ್ಣೆ ಇತ್ತೋ ಕೀರ್ತಿಯೆಲ್ಲ ಅದಕ್ಕೆ.

ಬಾಣಂತಿಯರ ಕೂದಲಿಗೂ ಇದೇ ಲೆಕ್ಕ. ಬಸಿರಿನಲ್ಲಿ ಬೆಳೆಯುವ ಕಾಲ ಹಿಗ್ಗಿ ಕೂದಲು ತುಂಬಿಕೊಳ್ಳುತ್ತದೆ, ಹೆರಿಗೆಯಾದ ಮೂರ್ನಾಲ್ಕು ತಿಂಗಳಿಗೆ ಬಾಕಿಯೆಲ್ಲ ಒಟ್ಟಿಗೆ ತೀರುತ್ತದೆ. ಕೂಸು ಮುಖ ನೋಡಿ ನಗಲು ಕಲಿತಾಗ ತಾಯಿಯ ಕೂದಲು ಉದುರುತ್ತದೆ ಎನ್ನುವ ಅಜ್ಜಿಯರಿದ್ದಾರೆ. ಕಾರಣ ತಪ್ಪು, ತಾರೀಖು ಸರಿ. ಉಳಿದಂತೆ ಹೆಂಗಸರಲ್ಲಿ ಹಣೆ ಹಿಂದೆ ಸರಿಯುವುದಕ್ಕಿಂತ ಬೈತಲೆ ಅಗಲವಾಗುವುದೇ ಹೆಚ್ಚು. ಆಗ ರಕ್ತದ ಕಬ್ಬಿಣಾಂಶವನ್ನೂ ಥೈರಾಯ್ಡನ್ನೂ ನೋಡಿಸುವುದು ಒಳ್ಳೆಯದು.

ಕೊಬ್ಬರಿ ಎಣ್ಣೆಯ ಬಗ್ಗೆ: ಅದು ಕೂದಲ ಎಳೆಯೊಳಗೆ ಇಳಿದು ತೊಳೆಯುವಾಗ ಪ್ರೋಟೀನ್ ನಷ್ಟವಾಗುವುದನ್ನು ಕಡಿಮೆ ಮಾಡುತ್ತದೆ, ಸೂರ್ಯಕಾಂತಿ ಎಣ್ಣೆ ಹಾಗೆ ಮಾಡುವುದಿಲ್ಲ ಎಂದು 2003ರ ಒಂದು ಅಧ್ಯಯನ ಹೇಳಿತು. ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ಸಂಶೋಧಕರೇ, ಆದರೂ ಪ್ರಯೋಗ ಅಚ್ಚುಕಟ್ಟಾಗಿದೆ. ಇರುವ ಕೂದಲಿಗೆ ಹಚ್ಚಿ. ಇಲ್ಲದ ಕೂದಲಿಗೆ ಹಚ್ಚಿದರೆ ದಿಂಬಿನ ಚೀಲಕ್ಕೆ ಹತ್ತುತ್ತದೆ.

ಬೋಳಿಸಿದರೆ ದಟ್ಟವಾಗಿ ಬರುತ್ತದೆಯೇ? ಇಲ್ಲ. 1928ರಲ್ಲೇ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ ಕ್ಷೌರದಿಂದ ಕೂದಲಿನ ದಪ್ಪವೂ ವೇಗವೂ ಬದಲಾಗದೆಂದು ಅಳೆದು ತೋರಿಸಿದಳು. ಹರಕೆಯಿದ್ದರೆ ತಿರುಪತಿಗೆ ಹೋಗಿ, ಅದು ಬೇರೆ ಇಲಾಖೆ.

ದುರಸ್ತಿ

ಎರಡು ಬಿಡಿಭಾಗಗಳು ಲಭ್ಯ, ಎರಡೂ ಬೇರೆ ಯಂತ್ರಕ್ಕೆಂದು ಮಾಡಿದವು. ಮಿನಾಕ್ಸಿಡಿಲ್ 1979ರಲ್ಲಿ ಬಿಪಿ ಮಾತ್ರೆಯಾಗಿ ಬಂತು. ನುಂಗಿದವರ ಮುಖ, ಮುಂಗೈಗಳ ಮೇಲೆ ಕೂದಲು ಎದ್ದಿತು. 1988ರಲ್ಲಿ ಅದೇ ತಲೆಗೆ ಹಚ್ಚುವ ದ್ರವವಾಯಿತು. ಹಚ್ಚಲು ಶುರುಮಾಡಿದ ಮೊದಲ ವಾರಗಳಲ್ಲಿ ಇನ್ನಷ್ಟು ಉದುರಬಹುದು, ಗಾಬರಿಯಾಗಿ ಬಿಡಬೇಡಿ. ಆಮೇಲೆ ಯಾವಾಗ ಬಿಟ್ಟರೂ ಬಂದದ್ದು ಕೆಲವು ತಿಂಗಳಲ್ಲಿ ಹೋಗುತ್ತದೆ.

ಇನ್ನೊಂದು ಫಿನಾಸ್ಟೆರೈಡ್, ಸಲೀನಾಸಿನ ಮಕ್ಕಳಲ್ಲಿ ಇರದ ಆ ಕಿಣ್ವವನ್ನೇ ತಡೆಯುವ ಗುಳಿಗೆ. 1992ರಲ್ಲಿ ಪ್ರಾಸ್ಟೇಟಿಗೆ, 1997ರಲ್ಲಿ ಅದರ ಐದನೇ ಒಂದು ಪಾಲಿನ ಪ್ರಮಾಣದಲ್ಲಿ ತಲೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬಸುರಿಯರು ಒಡೆದ ಮಾತ್ರೆಯನ್ನು ಮುಟ್ಟಲೂಬಾರದು ಎಂದು ಅದರ ಚೀಟಿಯಲ್ಲಿ ಇರುತ್ತದೆ: ಹೊಟ್ಟೆಯಲ್ಲಿರುವ ಗಂಡುಮಗುವಿನ ಅಂಗ ರೂಪುಗೊಳ್ಳಲು ಡಿಎಚ್‌ಟಿ ಬೇಕು, ಆ ಹಳ್ಳಿ ಕಲಿಸಿದ್ದೇ ಅದನ್ನು. ಕೆಲವು ಗಂಡಸರಲ್ಲಿ ಕಾಮಾಸಕ್ತಿ ಕುಂದಬಹುದು. ವೈದ್ಯರನ್ನು ಕೇಳದೆ ನುಂಗಬೇಡಿ. ಇದು ತಮಾಷೆಯ ಸೂಚನೆಯಲ್ಲ.

ಬಣ್ಣ ಬದಲಾವಣೆ

ಇದು ಬೇರೆ ವಿಭಾಗದ ಕೆಲಸ. ಕೂದಲಿಗೆ ಬಣ್ಣ ತುಂಬುವ ಜೀವಕೋಶಗಳ ಕಾಂಡಕೋಶಗಳು ಬುಡದಲ್ಲೇ ಒಂದು ಮೂಲೆಯಲ್ಲಿ ದಾಸ್ತಾನಾಗಿರುತ್ತವೆ. ಎಮಿ ನಿಶಿಮುರಾ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದಂತೆ ದಾಸ್ತಾನು ಮುಗಿದರೆ ನರೆ. ಅದೇ ನಿಶಿಮುರಾ ಗುಂಪು 2016ರಲ್ಲಿ ಮುಪ್ಪಿನ ಉದುರನ್ನೂ ವಿವರಿಸಿತು: ವಯಸ್ಸಾದಂತೆ ಬುಡದ ಕಾಂಡಕೋಶಗಳನ್ನು ಹಿಡಿದಿಡುವ ಒಂದು ಕೊಲಾಜೆನ್ ಕರಗಿ, ಅವು ಮೇಲೆ ಬಂದು ಚರ್ಮವಾಗಿ, ಹೊಟ್ಟಾಗಿ ಉದುರಿಹೋಗುತ್ತವೆ.

ಚಿಂತೆಯಿಂದ ನರೆಯುತ್ತದೆಯೇ ಎಂದು ಕೇಳುವ ಗ್ರಾಹಕರು ಬಹಳ. 2020ರಲ್ಲಿ ಹಾರ್ವರ್ಡಿನ ಯಾ-ಚಿಯೇ ಶು ಪ್ರಯೋಗಾಲಯ ಕಪ್ಪು ಇಲಿಗಳಿಗೆ ಮೆಣಸಿನಕಾಯಿಯ ಖಾರದ ದಾಯಾದಿಯಾದ ರೆಸಿನಿಫೆರಾಟಾಕ್ಸಿನ್ ಚುಚ್ಚಿ ನೋಯಿಸಿತು. ಇಲಿಗಳು ನರೆತವು. ಮೊದಲು ರೋಗನಿರೋಧಕ ವ್ಯವಸ್ಥೆಯ ಮೇಲೆ, ಆಮೇಲೆ ಕಾರ್ಟಿಸಾಲ್‌ಗೆ ಸಮನಾದ ಹಾರ್ಮೋನಿನ ಮೇಲೆ ಗುಮಾನಿ ಬಂತು. ಎರಡನ್ನೂ ತೆಗೆದುಹಾಕಿದರೂ ನರೆ ನಿಲ್ಲಲಿಲ್ಲ. ಸಿಕ್ಕಿದ್ದು ಬುಡಕ್ಕೆ ಸುತ್ತಿಕೊಂಡ ಅನುವೇದಕ (ಸಿಂಪಥೆಟಿಕ್) ನರ. ಅದು ಸುರಿಸಿದ ನಾರ್‌ಅಡ್ರಿನಲಿನ್‌ಗೆ ಬಣ್ಣದ ಕಾಂಡಕೋಶಗಳೆಲ್ಲ ಒಮ್ಮೆಗೇ ಕೆಲಸಕ್ಕಿಳಿದು ಮುಗಿದುಹೋದವು, ಬಿತ್ತನೆಗೆಂದು ಇಟ್ಟ ಭತ್ತವನ್ನೇ ಕುಟ್ಟಿ ಅನ್ನ ಮಾಡಿದ ಹಾಗೆ. ಬ್ಯಾಡಗಿ ಮೆಣಸಿನಕಾಯಿಯನ್ನು ಇದರಲ್ಲಿ ಎಳೆಯಬೇಡಿ. ಇಲಿಗಳು ಅದನ್ನು ತಿಂದದ್ದಲ್ಲ.

ಹಿಂದಿರುಗಿಸುವ ನಿಯಮ

ಬೋಳಿಗೆ ಇಲ್ಲ. ನರೆಗೆ ಸೀಮಿತವಾಗಿ ಉಂಟು. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಪಿಕಾರ್ಡ್ ಗುಂಪು 2021ರಲ್ಲಿ 14 ಮಂದಿಯ ಕೂದಲೆಳೆಗಳನ್ನು ತುದಿಯಿಂದ ಬುಡದವರೆಗೆ ಓದಿ, ಅವರ ದಿನಗಳ ಒತ್ತಡದ ಲೆಕ್ಕದ ಪಕ್ಕಕ್ಕಿಟ್ಟು ನೋಡಿತು. ಒಬ್ಬ ವ್ಯಕ್ತಿ ರಜೆಗೆ ಹೋದ ದಿನಗಳಲ್ಲಿ ತಲೆಯ ಐದು ಬಿಳಿಕೂದಲು ಒಟ್ಟಿಗೆ ಕಪ್ಪಿಗೆ ತಿರುಗಿದ್ದವು. ಈ ಸೌಲಭ್ಯ ನರೆಯ ಹೊಸ್ತಿಲಲ್ಲಿರುವವರಿಗೆ ಮಾತ್ರ. ಹತ್ತಾರು ವರ್ಷದಿಂದ ಬೆಳ್ಳಗಿರುವವರ ಅರ್ಜಿ ಸ್ವೀಕರಿಸಲಾಗುವುದಿಲ್ಲ. ಅರ್ಹರು ಮೇಲಧಿಕಾರಿಗೆ ರಜೆಚೀಟಿ ಬರೆಯುವಾಗ ‘ಕಾರಣ’ ಎಂಬಲ್ಲಿ ‘ಐದು ಕೂದಲು’ ಎಂದು ನಮೂದಿಸತಕ್ಕದ್ದು. ಅಧಿಕಾರಿ ಬೊಕ್ಕತಲೆಯವರಾಗಿದ್ದರೆ ‘ಜ್ವರ’ ಎಂದು ಬರೆಯಿರಿ.